ಪಾವಟೆಯವರೂ ನಮ್ಮ ಸಾಲೆಯೂ

ಸೊಲ್ಲಾಪುರದ ಸಿದ್ಧರಾಮೇಶ್ವರನ ಜಾತ್ರೆ ಮುಗಿದು ಎರಡು ವಾರವಾಗಿರಬಹುದು. ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಕನ್ನಡ ಸಾಲೆಯಿಂದ ನನಗೊಂದು ಕರೆ ಬಂದಿತು. ಅಲ್ಲಿಯ ಮುಖ್ಯಾಧ್ಯಾಪಕರು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿಯಾಗಿದ್ದವರು. “ಸರ್, ನಮ್ಮ ಏಳನೆಯ ಇಯತ್ತೆಯ ಹುಡುಗರಿಗೆ ಯಾರಾದರೊಬ್ಬ ದೊಡ್ಡ ಶಿಕ್ಷಣತಜ್ಞರ ಬಗ್ಗೆ ಅರ್ಧ ತಾಸು ಹೇಳ್ರಿ. ಹುಡುಗರಿಗೆ ಹುಮ್ಮಸ್ಸು ಬರಬೇಕು ನೋಡ್ರಿ,” ಎಂದರು. ನಿವೃತ್ತನಾದ ಮಾಸ್ತರನಿಗೆ ಭಾಷಣದ ಕರೆಯೆಂದರೆ ಹಸಿದವನಿಗೆ ಊಟದ ಕರೆ ಬಂದಂತೆ. ಕೂಡಲೆ ಒಪ್ಪಿಕೊಂಡೆ. ಯಾರ ಬಗ್ಗೆ ಹೇಳಬೇಕೆಂಬ ಯೋಚನೆಯ ಕಷ್ಟವೂ ನನಗಿರಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ದಾದಪ್ಪ ಚಿಂತಪ್ಪ ಪಾವಟೆಯವರ ಹೆಸರು ತಾನಾಗಿಯೇ ನಾಲಗೆಯ ಮೇಲೆ ಬಂದಿತು.

ಗಡಿಯ ಈಚೆಗಿರುವ ನಾವು ಗಡಿಯ ಆಚೆಗಿನ ವಿಶ್ವವಿದ್ಯಾಲಯದ ಒಬ್ಬ ಅಧಿಕಾರಿಯನ್ನು ಹೀಗೆ ಮನೆಯ ಹಿರಿಯರಂತೆ ನೆನೆಯುವುದೇಕೆಂದು ಯಾರಾದರೂ ಕೇಳಬಹುದು. ಅದಕ್ಕೆ ಕಾರಣವುಂಟು. ಆ ಹೆಸರನ್ನು ನಾನು ಮೊದಲು ಕೇಳಿದ್ದು ಪುಸ್ತಕದಲ್ಲಿ ಅಲ್ಲ, ನಮ್ಮ ಮನೆಯ ಕಟ್ಟೆಯ ಮೇಲೆ.

ನನ್ನ ತಂದೆಯವರು ಮುಲ್ಕಿ ಪರೀಕ್ಷೆ ಪಾಸಾಗಿ ಅಕ್ಕಲಕೋಟ ಸಂಸ್ಥಾನದ ಹಳ್ಳಿಯೊಂದರಲ್ಲಿ ಕನ್ನಡ ಸಾಲೆಯ ಮಾಸ್ತರರಾಗಿದ್ದರು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಮನೆಯ ಚಾಕರಿ ಹೋಗಿ ಸರಕಾರದ ಚಾಕರಿ ಬಂದಿತು. ಹೊಸ ನಿಯಮಗಳು ಬಂದವು, ಹೊಸ ತಪಾಸಣೆಯ ಅಧಿಕಾರಿಗಳು ಬಂದರು. ನಮ್ಮ ಸಾಲೆಗಳ ಗತಿ ಏನಾಗುವುದೋ, ಕನ್ನಡ ಮಾಸ್ತರರನ್ನು ಯಾರು ಕೇಳುವರೋ ಎಂದು ಹಿರಿಯರೆಲ್ಲ ಚಿಂತೆಯಲ್ಲಿದ್ದರಂತೆ. ಆಗ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಗೆ ಮುಖ್ಯರಾಗಿ, ಪುಣೆಯ ಕಚೇರಿಯಲ್ಲಿ ಡಾಯರೆಕ್ಟರ ಸಾಹೇಬರಾಗಿ ಕುಳಿತಿದ್ದವರು ಪಾವಟೆಯವರು. ಗುಜರಾತಿ, ಮರಾಠಿ, ಕನ್ನಡ ಮೂರೂ ಸೀಮೆಗಳ ಸಾಲೆಗಳು ಅವರ ಕೈಕೆಳಗೆ. “ಮ್ಯಾಲ ಕೂತವ ಗೋಕಾಕದ ಕಡೆಯವ. ನಾವು ಕನ್ನಡದಾಗ ಬರದ್ದ ಅರ್ಜಿ ಅವಗ ಓದಾಕ ಬರ್ತದ,” ಎಂದು ತಂದೆಯವರು ಸಂಗಡಿಗರಿಗೆ ಹೇಳುತ್ತಿದ್ದರೆಂದು ನನ್ನ ತಾಯಿಯವರು ನೆನೆಯುತ್ತಿದ್ದರು. ತಂದೆಯವರ ಅರ್ಜಿ ಪುಣೆಯವರೆಗೆ ಎಂದೂ ಹೋಗಲಿಲ್ಲ. ಅದು ಸೊಲ್ಲಾಪುರವನ್ನು ದಾಟುವ ಸಂಭವವೇ ಇರಲಿಲ್ಲ. ಆದರೂ ಓದಬಲ್ಲವನೊಬ್ಬನು ಮೇಲಿದ್ದಾನೆಂಬ ಧೈರ್ಯ ಕೆಳಗಿನವನಿಗೆ ಸಣ್ಣದಲ್ಲ. ಬರೆಯುವ ಕೈಗೆ ಅದು ಬಲ ಕೊಡುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಆ ದಿನ ಸಾಲೆಗೆ ಹೋದೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಸುಮಾರು ಮೂವತ್ತು ಹುಡುಗ-ಹುಡುಗಿಯರನ್ನು ಕೂಡ್ರಿಸಿದ್ದರು. ಬಾಲಭಾರತಿಯ ಕನ್ನಡ ಪಾಠಪುಸ್ತಕಗಳು ಅವರ ತೊಡೆಯ ಮೇಲಿದ್ದವು. ಅವರಿಗೆ ನಾನು ಹೇಳಿದುದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇನೆ. ಅಧ್ಯಾಪಕ ಮಿತ್ರರಿಗೆ ಉಪಯೋಗವಾದೀತು.

ಪಾವಟೆಯವರು ಹುಟ್ಟಿದ್ದು 1899ನೆಯ ಇಸವಿ ಆಗಸ್ಟ್ 2ರಂದು, ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಮಮದಾಪುರದಲ್ಲಿ. ಅದೂ ನಿಮ್ಮ ಊರಿನಂಥದೇ ಒಂದು ಊರು. ಅದೇ 1899ರಲ್ಲಿ ಕೊಂಕಣ ಸೀಮೆಯ ಹುಡುಗರೊಬ್ಬರು ಇಂಗ್ಲಂಡಿನಲ್ಲಿ ದೊಡ್ಡ ಹೆಸರು ಗಳಿಸಿದ್ದರು. ಅವರೇ ರಘುನಾಥ ಪುರುಷೋತ್ತಮ ಪರಾಂಜಪೆಯವರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತದ ಆನರ್ಸ್ ಪರೀಕ್ಷೆಗೆ ಟ್ರೈಪಾಸ್ ಎಂದು ಹೆಸರು. ಅದರಲ್ಲಿ ಮೊದಲ ವರ್ಗದಲ್ಲಿ ತೇರ್ಗಡೆಯಾದವರನ್ನು ರ‍್ಯಾಂಗ್ಲರ್ ಎಂದು ಕರೆಯುತ್ತಾರೆ. ಆ ಕಾಲದಲ್ಲಿ ಅವರೆಲ್ಲರಲ್ಲಿ ಮೊದಲಿಗನಾದವನಿಗೆ ಸೀನಿಯರ್ ರ‍್ಯಾಂಗ್ಲರ್ ಎಂಬ ಬಿರುದು. ಪರಾಂಜಪೆಯವರು ಆ ಬಿರುದನ್ನು ಪಡೆದ ಮೊದಲ ಭಾರತೀಯರು. ಅವರು ಗೆದ್ದ ವರ್ಷವೇ ಹುಟ್ಟಿದ ಮಮದಾಪುರದ ಕೂಸು ಮುಂದೆ ಅದೇ ಕೇಂಬ್ರಿಜ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿ, ಅದೇ ಪರೀಕ್ಷೆಗೆ ಕುಳಿತು, ತಾನೂ ರ‍್ಯಾಂಗ್ಲರ್ ಆಗಿ ಮರಳಿತು.

ತಾಯ್ನಾಡಿಗೆ ಬಂದು ಪಾವಟೆಯವರು ಗಣಿತದ ಅಧ್ಯಾಪಕರಾದರು. ಬಳಿಕ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿಗಳಾದರು. ಮೆಟ್ಟಿಲು ಮೆಟ್ಟಿಲಾಗಿ ಏರಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಹೊತ್ತಿಗೆ ಇಲಾಖೆಯ ಮುಖ್ಯಸ್ಥಾನದಲ್ಲಿದ್ದರು. 1954ರಲ್ಲಿ ಧಾರವಾಡಕ್ಕೆ ಬಂದು ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ಈಗ ಆ ಹುದ್ದೆಯನ್ನು ಕುಲಪತಿ ಎನ್ನುತ್ತೇವೆ.

ಈ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಅದಕ್ಕೆ ಮೊದಲು ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳ ಕಾಲೇಜುಗಳೆಲ್ಲ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಹೊಸ ವಿಶ್ವವಿದ್ಯಾಲಯಕ್ಕೆ ಕಾಯದೆಯಿತ್ತು, ಹೆಸರಿತ್ತು. ಆದರೆ ಕಾಯದೆಯ ಕಾಗದದ ಮೇಲೆ ಹುಡುಗರನ್ನು ಕೂಡ್ರಿಸಿ ಪಾಠ ಹೇಳಲು ಬರುವುದಿಲ್ಲ. ಗೋಡೆ ಬೇಕು, ಗ್ರಂಥಾಲಯ ಬೇಕು, ಪ್ರಯೋಗಶಾಲೆ ಬೇಕು, ಎಲ್ಲಕ್ಕಿಂತ ಮೊದಲು ಒಳ್ಳೆಯ ಅಧ್ಯಾಪಕರು ಬೇಕು. ಉಪಕುಲಪತಿಯ ಕೆಲಸವೆಂದರೆ ಮೆರವಣಿಗೆಯಲ್ಲಿ ಗೌನು ತೊಟ್ಟು ನಡೆಯುವುದಷ್ಟೇ ಎಂದು ನಾವು ಬಗೆಯುತ್ತೇವೆ. ನಿಜವಾಗಿ ಆತನು ದೊಡ್ಡ ಕುಟುಂಬದ ಯಜಮಾನನಂತೆ. ಸರಕಾರದ ಬಾಗಿಲಿಗೆ ಹೋಗಿ ಹಣ ಬೇಡಬೇಕು. ತಂದ ಹಣಕ್ಕೆ ಪೈಸೆ ಪೈಸೆಯ ಲೆಕ್ಕ ಒಪ್ಪಿಸಬೇಕು. ಸೆನೆಟ್ಟು, ಸಿಂಡಿಕೇಟುಗಳಲ್ಲಿ ಹತ್ತು ಮನದವರನ್ನು ಒಂದು ದಾರಿಗೆ ತರಬೇಕು. ಯಾವ ವಿಷಯಕ್ಕೆ ಯಾರು ತಕ್ಕ ಗುರುವೆಂದು ಹುಡುಕಿ ಕರೆತರಬೇಕು. ಪರೀಕ್ಷೆಯು ಹೊತ್ತಿಗೆ ಸರಿಯಾಗಿ ನಡೆಯಬೇಕು. ಫಲಿತಾಂಶದಲ್ಲಿ ಸಂಶಯ ಬರಬಾರದು. ಪಾವಟೆಯವರು ಈ ಭಾರವನ್ನು 1954ರಿಂದ 1967ರ ತನಕ ಹದಿಮೂರು ವರ್ಷ ಹೊತ್ತರು.

ಆ ಹದಿಮೂರು ವರ್ಷಗಳಲ್ಲಿ ಧಾರವಾಡದ ಹೊರಗೆ ಛೋಟಾ ಮಹಾಬಳೇಶ್ವರವೆಂದು ಜನ ಕರೆಯುತ್ತಿದ್ದ ಗುಡ್ಡದ ಮೇಲೆ ವಿಶ್ವವಿದ್ಯಾಲಯದ ಆವರಣ ಎದ್ದಿತು. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಕಲಬುರಗಿಯ ಕಡೆಯ ಜಿಲ್ಲೆಗಳೂ ಈ ವಿಶ್ವವಿದ್ಯಾಲಯಕ್ಕೆ ಸೇರಿದವು. ಹೀಗೆ ಮುಂಬಯಿಯ ನಿಯಮದಲ್ಲಿ ಬೆಳೆದವರೂ ಹೈದರಾಬಾದಿನ ನಿಯಮದಲ್ಲಿ ಬೆಳೆದವರೂ ಒಂದೇ ಪಂಕ್ತಿಯಲ್ಲಿ ಕುಳಿತರು. ಅವರನ್ನೆಲ್ಲ ಒಂದು ಪಠ್ಯಕ್ರಮಕ್ಕೆ, ಒಂದು ಪರೀಕ್ಷೆಗೆ ಹೊಂದಿಸುವುದು ಸಣ್ಣ ಲೆಕ್ಕವಾಗಿರಲಿಲ್ಲ. ಇಂದಿಗೂ ಆ ಆವರಣದ ಅಂಚೆಯ ವಿಳಾಸ ಪಾವಟೆ ನಗರವೆಂದೇ ಇದೆ.

ಅದೇ ಕಾಲದ ಇನ್ನೊಂದು ಸಂಗತಿಯನ್ನು ಹುಡುಗರಿಗೆ ಹೇಳುವಾಗ ನನಗೆ ಯಾವಾಗಲೂ ಹಿಗ್ಗು. 1956ರಿಂದ ಕೆಲವು ವರ್ಷ ಪುಣೆಯ ವಿಶ್ವವಿದ್ಯಾಲಯಕ್ಕೆ ಪರಾಂಜಪೆಯವರು ಉಪಕುಲಪತಿಗಳಾಗಿದ್ದರು. ನಮ್ಮ ಸೊಲ್ಲಾಪುರದ ಕಾಲೇಜುಗಳು ಆಗ ಪುಣೆಗೆ ಸೇರಿದ್ದವು. ಗಡಿಯ ಆಚೆ ಧಾರವಾಡದಲ್ಲಿ ಪಾವಟೆಯವರು. ಎರಡೂ ಕಡೆ ರ‍್ಯಾಂಗ್ಲರರೇ. ಇನ್ನೂ ತೆಂಕಣಕ್ಕೆ ಮೈಸೂರಿನಲ್ಲಿ 1956ರಿಂದ 1960ರವರೆಗೆ ಕವಿ ಕುವೆಂಪು ಅವರು ಆ ಪೀಠದಲ್ಲಿದ್ದರು. ಒಬ್ಬರು ಅಂಕಿಯ ಹಾದಿಯಿಂದ ಬಂದರು, ಒಬ್ಬರು ಅಕ್ಷರದ ಹಾದಿಯಿಂದ. ಇಬ್ಬರೂ ಕಟ್ಟಿದ್ದು ಮಕ್ಕಳ ಮನೆಯನ್ನೇ. ಮೈಸೂರಿನಲ್ಲಿ ಮಾನಸಗಂಗೋತ್ರಿ ಹುಟ್ಟಿದ್ದೂ ಧಾರವಾಡದಲ್ಲಿ ಆ ಗುಡ್ಡ ಬೆಳೆದದ್ದೂ ಹೆಚ್ಚುಕಡಮೆ ಒಂದೇ ಕಾಲದಲ್ಲಿ.

1967ರಲ್ಲಿ ಪಾವಟೆಯವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷ ಅವರು ಪಂಜಾಬಿನ ರಾಜ್ಯಪಾಲರಾಗಿ ಹೋದರು. 1973ರ ವರೆಗೆ ಅಲ್ಲಿದ್ದರು. 1968ರ ಮಾರ್ಚಿನಲ್ಲಿ ಅಲ್ಲಿಯ ವಿಧಾನಸಭೆಯ ಸಭಾಪತಿಗಳು ಬಜೆಟ್ಟು ಮಂಜೂರಾಗುವ ಮೊದಲೇ ಸಭೆಯನ್ನು ಎರಡು ತಿಂಗಳು ಮುಂದೂಡಿಬಿಟ್ಟರು. ತಿಂಗಳ ಕೊನೆಯೊಳಗೆ ಮಂಜೂರಾತಿ ದೊರೆಯದಿದ್ದರೆ ಸರಕಾರದ ಖರ್ಚಿಗೆ ಕಾಸು ತೆಗೆಯಲು ಬರುವಂತಿರಲಿಲ್ಲ. ಪಾವಟೆಯವರು ಅಧಿವೇಶನವನ್ನು ಮುಕ್ತಾಯಗೊಳಿಸಿ, ಹಣಕಾಸಿನ ಕಾರ್ಯ ತಡೆಯದಂತೆ ಸುಗ್ರೀವಾಜ್ಞೆ ಹೊರಡಿಸಿ, ಸಭೆಯನ್ನು ಮತ್ತೆ ಕರೆದರು. ಅವರ ಕ್ರಮವನ್ನು ಉಚ್ಚ ನ್ಯಾಯಾಲಯವು ಒಪ್ಪಲಿಲ್ಲವಾದರೂ, ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಅದು ಸರಿಯೆಂದು ತೀರ್ಪು ಕೊಟ್ಟಿತು. ಅವರು ಅಲ್ಲಿದ್ದಾಗಲೇ, 1969ರಲ್ಲಿ, ಗುರು ನಾನಕರ 500ನೆಯ ಜಯಂತಿಯ ನೆನಪಿಗಾಗಿ ಅಮೃತಸರದಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು. ಪಾವಟೆಯವರು ತೀರಿಕೊಂಡದ್ದು 1979ರಲ್ಲಿ. ಈಗ ಕೇಂಬ್ರಿಜ್ಜಿನಲ್ಲಿ, ಅವರು ಕಲಿತ ಕಾಲೇಜಿನಲ್ಲಿಯೇ, ಅವರ ಹೆಸರಿನ ಫೆಲೋಶಿಪ್ ನಡೆಯುತ್ತಿದೆ.

ಇಷ್ಟು ಹೇಳಿ, ನನ್ನದೇ ಒಂದು ಮಾತನ್ನು ಕೂಡಿಸಿದೆ. ನಾನು ಸೊಲ್ಲಾಪುರದಲ್ಲಿ ಬಿ.ಎ. ಮುಗಿಸಿ ಎಪ್ಪತ್ತರ ದಶಕದಲ್ಲಿ ಕನ್ನಡ ಎಂ.ಎ. ಓದಲು ಧಾರವಾಡಕ್ಕೆ ಹೋದೆ. ಹೊಟಗಿಯಲ್ಲಿ ಸಣ್ಣ ಹಳಿಯ ಗಾಡಿ ಹತ್ತಿ, ವಿಜಾಪುರ, ಬಾಗಲಕೋಟೆ, ಗದಗ ದಾಟಿ, ಹುಬ್ಬಳ್ಳಿಯ ಮೇಲೆ ಧಾರವಾಡ ಮುಟ್ಟಿದೆ. ಕೈಯಲ್ಲಿ ಒಂದು ಟ್ರಂಕು, ಬುತ್ತಿಯಲ್ಲಿ ತಾಯಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಬೆಳಗಿನ ಮಂಜಿನಲ್ಲಿ ಗುಡ್ಡದ ಮೇಲಿನ ಆ ಮುಖ್ಯ ಕಟ್ಟಡವನ್ನು ಕಂಡಾಗ, ತಂದೆಯವರು ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದ ಹೆಸರು ಇದೇ ಏನು ಎಂದು ಸುಮ್ಮನೆ ನಿಂತುಬಿಟ್ಟೆ. ಮಮದಾಪುರದ ಹುಡುಗ ತನ್ನ ವಿದ್ಯೆಗಾಗಿ ಕಡಲು ದಾಟಬೇಕಾಯಿತು. ನಾನು ರೈಲು ಬದಲಿಸಿದರೆ ಸಾಕಾಯಿತು. ಹಿಂದಿನವನಿಗೆ ದೂರವಾಗಿದ್ದುದನ್ನು ಮುಂದಿನವನಿಗೆ ಹತ್ತಿರ ತಂದು ಇಡುವುದೇ ವಿಶ್ವವಿದ್ಯಾಲಯ ಕಟ್ಟಿದವರ ಸಾಧನೆ ಎಂದು ಹುಡುಗರಿಗೆ ಹೇಳಿದೆ. ಹುಡುಗರು ಚಪ್ಪಾಳೆ ತಟ್ಟಿದರು. ನನಗೂ ಮಾತು ಚೆನ್ನಾಗಿ ಬಂದಿತೆನಿಸಿತು.

“ಏನಾದರೂ ಕೇಳೂದಿದ್ರ ಕೇಳ್ರಿ,” ಎಂದು ಮುಖ್ಯಾಧ್ಯಾಪಕರು ಹೇಳಿದರು. ಒಬ್ಬ ಹುಡುಗ ಎದ್ದು, “ಅವರಿಗೆ ಮೊದಲ ಮಗ್ಗಿ ಕಲಿಸಿದವರು ಯಾರ್ರಿ?” ಎಂದ. “ನಿಮ್ಮ ಸರ್ ಇದ್ದಾರಲ್ಲ, ಇಂಥಾ ಒಬ್ಬ ಕನ್ನಡ ಸಾಲಿ ಮಾಸ್ತರ,” ಎಂದೆ. ಎಲ್ಲರೂ ನಕ್ಕರು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ತೆಳ್ಳಗಿನ ಹುಡುಗಿ, ಎರಡು ಜಡೆಗೆ ಕೆಂಪು ರಿಬ್ಬನ್ನು. ಅಂಜಿಕೆಯಿಂದಲೇ ಕೇಳಿದಳು:

“ಸರ್, ನಿಮ್ಮ ಮಗಾ ಯಾವ ಸಾಲ್ಯಾಗ ಕಲ್ತಾರ್ರಿ?”

ಮುಖ್ಯಾಧ್ಯಾಪಕರು ಅವಳನ್ನು ಗದರಿಸಿ ಕೂಡ್ರಿಸಲು ಕೈಯೆತ್ತಿದರು. ನಾನು ಬೇಡವೆಂದೆ. ಅವಳು ತುಂಟತನದಿಂದ ಕೇಳಿರಲಿಲ್ಲ. ಮುಂದಿನ ಜೂನಿಗೆ ಅವಳನ್ನು ಯಾವ ಸಾಲೆಗೆ ಹಾಕಬೇಕೆಂದು ಅವಳ ಮನೆಯಲ್ಲಿ ಮಾತು ನಡೆದಿತ್ತೆಂಬುದು ನನಗೆ ಆ ಮೇಲೆ ತಿಳಿಯಿತು. ಆ ಹೊತ್ತಿಗೆ ನನಗೆ ತಿಳಿದದ್ದು ಇಷ್ಟೇ: ಅರ್ಧ ತಾಸಿನ ನನ್ನ ಭಾಷಣವೆಲ್ಲ ಆ ಒಂದು ಪ್ರಶ್ನೆಯ ಮುಂದೆ ನಿಂತುಕೊಂಡಿತ್ತು.

ನನ್ನ ಮಗ ಕನ್ನಡ ಸಾಲೆಯಲ್ಲಿ ಕಲಿಯಲಿಲ್ಲ. ಅವನಿಗೆ ಐದು ವರ್ಷವಾದಾಗ ನಾನೇ ಅವನ ಕೈಹಿಡಿದು ಸೊಲ್ಲಾಪುರದ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕಿ ಬಂದೆ. ಆಗ ನಾನು ಕನ್ನಡ ಪ್ರೌಢಶಾಲೆಯ ಅಧ್ಯಾಪಕ. ಹಗಲೆಲ್ಲ ಪರರ ಮಕ್ಕಳಿಗೆ ಕನ್ನಡ ಕಲಿಸಿ, ಸಂಜೆ ನನ್ನ ಮಗನಿಗೆ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿಸುತ್ತಿದ್ದೆ. ಊರ ಹಿರಿಯರೊಬ್ಬರು ಕೇಳಿದಾಗ, “ಗಡಿಯಾಗ ಇದ್ದವರು ನಾವು. ಆ ಕಡೆ ಕರ್ನಾಟಕ ನಮ್ಮದಲ್ಲ, ಈ ಕಡೆ ಮರಾಠಿ ನಮ್ಮ ಮನೀದಲ್ಲ. ನಡುವ ಹುಡುಗನ ಹಣೇಬರಹ ಕೆಡಬಾರದ್ರೀ,” ಎಂದು ಸಮಾಧಾನ ಹೇಳಿದೆ. ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಕನ್ನಡದಲ್ಲಿ ಹತ್ತನೆಯ ಇಯತ್ತೆ ಮುಗಿಸಿದ ಹುಡುಗರು ಮುಂದೆ ವಿಜ್ಞಾನಕ್ಕೆ ಹೋಗಿ, ಮೊದಲ ವರ್ಷ ತರಗತಿಯಲ್ಲಿ ಮೂಕರಂತೆ ಕುಳಿತುದನ್ನು ನಾನು ಕಣ್ಣಾರೆ ಕಂಡಿದ್ದೆ. ಅವರಲ್ಲಿ ಕೆಲವರು ನಾನು ಕಲಿಸಿದ ಹುಡುಗರೇ. ಅವರ ಸಲುವಾಗಿ ಏನು ಮಾಡಬೇಕೆಂದು ಯೋಚಿಸುವ ಬದಲು, ನನ್ನವನೊಬ್ಬನು ಆ ಬೆಂಚಿನ ಮೇಲೆ ಕೂಡಬಾರದೆಂದಷ್ಟೇ ನಾನು ಯೋಚಿಸಿದೆ.

ಮಗ ಚೆನ್ನಾಗಿ ಓದಿದ. ಪುಣೆಯಲ್ಲಿ ಒಳ್ಳೆಯ ನೌಕರಿಯಲ್ಲಿದ್ದಾನೆ. ಅವನಿಂದ ನನಗೆ ಯಾವ ದುಃಖವೂ ಇಲ್ಲ. ಆದರೆ ಹೋದ ದೀಪಾವಳಿಗೆ ಬಂದಾಗ ಹಳೆಯ ಪೆಟ್ಟಿಗೆಯಲ್ಲಿ ನನ್ನ ತಂದೆಯವರ ಪಾಠ ಟಿಪ್ಪಣಿಯ ವಹಿ ಸಿಕ್ಕಿತು. ಸಂಸ್ಥಾನ ವಿಲೀನವಾದ ಮರುವರ್ಷದ್ದು. ಮಗ ಅದನ್ನು ಕೈಯಲ್ಲಿ ಹಿಡಿದು ಪುಟ ತಿರುವಿದ, ಅಕ್ಷರ ದುಂಡಗಿವೆ ಎಂದ, ಮತ್ತೆ ನನ್ನ ಕೈಗೇ ಕೊಟ್ಟು, “ಅಪ್ಪಾ, ಅಜ್ಜ ಏನ ಬರದಾನ ಓದಿ ಹೇಳ್ರಿ,” ಎಂದ. ನಾನು ಓದಿ ಹೇಳಿದೆ. ಭಾಗಾಕಾರ ಕಲಿಸುವ ಕ್ರಮವಿತ್ತು: ಹುಣಸೇಬೀಜ ಹಂಚಿ ತೋರಿಸಬೇಕು, ಉಳಿದ ಬೀಜವನ್ನು ಕೈಯಲ್ಲಿಡಬೇಕು, ಹಂಚಲಾರದೆ ಉಳಿದದ್ದೇ ಶೇಷ. ಮೇಲಿನವನಿಗೆ ನಮ್ಮ ಅಕ್ಷರ ಓದಲು ಬರುತ್ತದೆಂದು ಧೈರ್ಯ ಪಟ್ಟವರು ನನ್ನ ತಂದೆ. ಅವರ ಅಕ್ಷರವನ್ನು ಅವರ ಮೊಮ್ಮಗನೇ ಓದಲಾರನು.

ಇದೆಲ್ಲ ಆ ಪಡಸಾಲೆಯಲ್ಲಿ ನನ್ನ ಮನಸ್ಸಿನಲ್ಲಿ ಒಮ್ಮೆಲೆ ಬಂದುಹೋಯಿತು. ಪಾವಟೆಯವರನ್ನೇ ಅಡ್ಡ ಹಿಡಿದು ಪಾರಾಗಬಹುದಾಗಿತ್ತು. ಅವರೂ ಇಂಗ್ಲಿಷ್ ಕಲಿತವರಲ್ಲವೆ, ಕೇಂಬ್ರಿಜ್ಜಿಗೆ ಹೋದವರಲ್ಲವೆ, ತಮ್ಮ ಶಿಕ್ಷಣ ಖಾತೆಯ ನೆನಪುಗಳನ್ನೂ ರಾಜ್ಯಪಾಲ ಪದವಿಯ ನೆನಪುಗಳನ್ನೂ ಇಂಗ್ಲಿಷಿನಲ್ಲಿಯೇ ಬರೆದವರಲ್ಲವೆ ಎಂದು ಹೇಳಬಹುದಾಗಿತ್ತು. ಮೂರೂ ನಿಜವೇ. ಆದರೆ ಅವರ ಹೆಸರನ್ನು ನನ್ನ ಅಂಜಿಕೆಗೆ ಹೊದಿಕೆ ಮಾಡಲು ಮನಸ್ಸು ಒಪ್ಪಲಿಲ್ಲ. ಅವರು ಇಂಗ್ಲಿಷ್ ಕಲಿತು ತಾವೊಬ್ಬರೇ ಮೇಲೆ ಉಳಿಯಲಿಲ್ಲ. ಕಲಿತುದನ್ನು ಹೊತ್ತು ಧಾರವಾಡಕ್ಕೆ ಬಂದು, ಹದಿಮೂರು ವರ್ಷ ಕುಳಿತು, ನನ್ನಂಥ ಸಾವಿರಾರು ಹುಡುಗರಿಗೆ ದಾರಿ ಸಣ್ಣದು ಮಾಡಿಟ್ಟರು. ನಾನು ಅವರು ಹಾಕಿದ ದಾರಿಯಲ್ಲಿ ನಡೆದು, ಪದವಿ ಪಡೆದು, ಸಂಬಳ ಉಂಡು, ಹಿಂದೆ ಬರುವವರಿಗೆ ಒಂದು ಮೊಳ ದಾರಿಯನ್ನೂ ಹಾಕಲಿಲ್ಲ. ನನ್ನ ಮಗನಿಗೆ ಬೇರೊಂದು ದಾರಿ ಹುಡುಕಿಕೊಟ್ಟೆ, ಅಷ್ಟೆ.

ಹುಡುಗಿಗೆ ಸತ್ಯವನ್ನೇ ಹೇಳಿದೆ. “ಇಂಗ್ಲಿಷ್ ಸಾಲ್ಯಾಗ ಕಲ್ತಾನವ್ವಾ. ನನಗ ಧೈರ್ಯ ಸಾಲಲಿಲ್ಲ,” ಎಂದೆ. ಪಡಸಾಲೆ ನಿಶ್ಶಬ್ದವಾಯಿತು. ಅಧ್ಯಾಪಕರೊಬ್ಬರು ತಲೆ ತಗ್ಗಿಸಿದರು; ಅವರ ಮಕ್ಕಳೆಲ್ಲಿ ಓದುತ್ತಾರೋ ನಾನು ಕೇಳಲಿಲ್ಲ. ಹುಡುಗಿ ಮಾತ್ರ ನಾಚಲಿಲ್ಲ, ನಗಲೂ ಇಲ್ಲ. “ನಾ ಕನ್ನಡ ಸಾಲ್ಯಾಗ ಇದ್ರ ನನಗ ಇಂಗ್ಲಿಷ್ ಬರಾಂಗಿಲ್ಲೇನ್ರಿ?” ಎಂದು ಮತ್ತೆ ಕೇಳಿದಳು. “ಕಲಿಸಿದ್ರ ಬರ್ತದ,” ಎಂದೆ. “ಯಾರು ಕಲಸ್ತಾರ್ರಿ?” ಎಂದಳು.

ಓದುಗರೆ, ನಲವತ್ತು ವರ್ಷಗಳ ಹಿಂದೆ ನನ್ನನ್ನು ನಾನೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು. ಕನ್ನಡ ಸಾಲೆಗೆ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ನಾವು ಸಭೆಗಳಲ್ಲಿ ಮರುಗುತ್ತೇವೆ. ಸರಕಾರವನ್ನು ದೂರುತ್ತೇವೆ, ಪಾಲಕರನ್ನು ದೂರುತ್ತೇವೆ. ಆದರೆ ತನ್ನ ಮಗುವಿನ ಹಿತವನ್ನು ಬಯಸುವ ತಾಯಿಗೆ ಅಭಿಮಾನದ ಮಾತೊಂದೇ ಸಾಲದು. ಕನ್ನಡದಲ್ಲಿ ಕಲಿತ ಮಗುವಿಗೆ ಗಣಿತ ಗಟ್ಟಿಯಾಗುತ್ತದೆ, ಇಂಗ್ಲಿಷೂ ತಡೆಯಿಲ್ಲದೆ ಬರುತ್ತದೆ ಎಂಬುದನ್ನು ಅವಳ ಕಣ್ಣಿಗೆ ಕಾಣುವಂತೆ ಮಾಡಬೇಕು. ಅದನ್ನು ಮಾಡಲು ಗುಡ್ಡದ ಮೇಲೆ ಕಟ್ಟಡ ಕಟ್ಟಬೇಕಾಗಿಲ್ಲ. 2004ರಲ್ಲಿ ನಮ್ಮ ಸೊಲ್ಲಾಪುರ ಜಿಲ್ಲೆಗೇ ಒಂದು ವಿಶ್ವವಿದ್ಯಾಲಯ ಆಯಿತು. 2019ರಿಂದ ಅದಕ್ಕೆ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳಕರರ ಹೆಸರು. ನನ್ನ ಕಾಲದ ಆ ರೈಲಿನ ದಾರಿಯೂ ಈಗ ಎಲ್ಲರಿಗೂ ಬೇಕಾಗಿಲ್ಲ. ಮೇಲಿನ ಮೆಟ್ಟಿಲುಗಳನ್ನು ದೊಡ್ಡವರು ಕಟ್ಟಿಟ್ಟಿದ್ದಾರೆ. ಸಡಿಲಾಗಿರುವುದು ಕೆಳಗಿನ ಮೆಟ್ಟಿಲು. ಅದು ನಮ್ಮಂಥ ಮಾಸ್ತರರ ಪಾಲಿನ ಕೆಲಸ.

ಆ ದಿನ ಮುಖ್ಯಾಧ್ಯಾಪಕರಿಗೆ ಒಂದು ಮಾತು ಕೊಟ್ಟು ಬಂದೆ. ಅಂದಿನಿಂದ ಮಂಗಳವಾರ ಮತ್ತು ಶನಿವಾರ ಅಕ್ಕಲಕೋಟದಿಂದ ಬಸ್ಸು ಹಿಡಿದು ಆ ಹಳ್ಳಿಗೆ ಹೋಗುತ್ತೇನೆ. ಸಾಲೆ ಬಿಟ್ಟ ಮೇಲೆ ಒಂದು ತಾಸು ಗಣಿತ, ಒಂದು ತಾಸು ಇಂಗ್ಲಿಷ್. ಎರಡನ್ನೂ ಕನ್ನಡದಲ್ಲಿಯೇ ತಿಳಿಸಿ ಹೇಳುತ್ತೇನೆ. ಗಣಿತದ ಶಬ್ದಗಳನ್ನು ಎರಡೂ ಭಾಷೆಗಳಲ್ಲಿ ಎದುರುಬದುರು ಬರೆಸುತ್ತೇನೆ. ನಾಳೆ ಕಾಲೇಜಿನ ಬೆಂಚಿನ ಮೇಲೆ ಕುಳಿತಾಗ ಅವರು ಮೂಕರಾಗಬಾರದು. ಮೊದಲ ದಿನ ಏಳು ಮಕ್ಕಳು ಬಂದರು. ಈಗ ಹತ್ತೊಂಬತ್ತು ಜನ. ನನ್ನ ಇಂಗ್ಲಿಷ್ ಉಚ್ಚಾರಕ್ಕೆ ಅವರು ಬಾಯಿಮುಚ್ಚಿ ನಗುವುದುಂಟು; ನಗಲಿ.

ಕೆಂಪು ರಿಬ್ಬನ್ನಿನ ಹುಡುಗಿಯ ತಂದೆ ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತು ಪಾಠ ಕೇಳಿದರು. ಹೋಗುವಾಗ, “ಈ ವರ್ಷ ಇಲ್ಲೇ ಇರ್ಲಿ, ಮುಂದಿನ ವರ್ಷ ನೋಡೂಣ್ರಿ,” ಎಂದರು. ನಾನು ಅವರನ್ನು ಒತ್ತಾಯಿಸಲಿಲ್ಲ. ಒತ್ತಾಯಿಸುವ ಅಧಿಕಾರ ನನಗಿಲ್ಲ. ಅವರು ಕೊಟ್ಟದ್ದು ಒಂದು ವರ್ಷದ ವಾಯಿದೆ. ಅದರೊಳಗೆ ಭಿನ್ನರಾಶಿ ಮುಗಿಯಬೇಕು. ನಾಡಿದ್ದು ಶನಿವಾರ, ಹುಣಸೇಬೀಜದ ಚೀಲ ಆಗಲೇ ಕಟ್ಟಿಟ್ಟಿದ್ದೇನೆ.